ರಸ್ತೆಯ ಈಚೆ ಬದಿಯ ಶಾಲೆ

ಅಪ್ಪ ವಿದ್ಯುತ್ ಮಂಡಳಿಯ ನೌಕರರಾಗಿದ್ದುದರಿಂದ ನನ್ನ ಬಾಲ್ಯದಲ್ಲಿ ಮೂರು ನಾಲ್ಕು ವರ್ಷಕ್ಕೊಮ್ಮೆ ನಮ್ಮ ಊರು ಬದಲಾಗುತ್ತಿತ್ತು. ಕಡೂರು, ತೀರ್ಥಹಳ್ಳಿ, ಹಾವೇರಿ, ಕೊನೆಗೆ ಶಿವಮೊಗ್ಗ. ವರ್ಗಾವಣೆಯ ಆದೇಶ ಬಂದೊಡನೆ ಅಮ್ಮ ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಲು ಶುರುಮಾಡುತ್ತಿದ್ದರು. ನಾನು ಮತ್ತು ತಮ್ಮ ಹಳೆಯ ಶಾಲೆಯಿಂದ ಟಿ.ಸಿ. ತರುತ್ತಿದ್ದೆವು, ಹೊಸ ಊರಿನಲ್ಲಿ ಲಾರಿಯಿಂದ ಸಾಮಾನು ಇಳಿಸಿದ ಒಂದೆರಡು ದಿನಗಳಲ್ಲಿ ಅಪ್ಪ ನಮ್ಮಿಬ್ಬರನ್ನೂ ಮನೆಗೆ ಹತ್ತಿರದ ಸರ್ಕಾರಿ ಶಾಲೆಗೆ ಕರೆದೊಯ್ಯುತ್ತಿದ್ದರು. ಹೆಡ್‌ಮಾಸ್ತರು ಟಿ.ಸಿ.ಯನ್ನು ಓದಿ, ದಾಖಲಾತಿ ಪುಸ್ತಕದಲ್ಲಿ ಹೆಸರು ಬರೆದುಕೊಂಡು, ಯಾವ ಕೊಠಡಿಗೆ ಹೋಗಬೇಕೆಂದು ಬೆರಳು ತೋರಿಸಿದರೆ ಅಲ್ಲಿಗೆ ಕೆಲಸ ಮುಗಿಯಿತು. ಶಾಲೆಯನ್ನು ಆರಿಸುವ ಮಾತನ್ನೇ ನಮ್ಮ ಮನೆಯಲ್ಲಿ ಯಾರೂ ಆಡಿದ್ದು ನನಗೆ ನೆನಪಿಲ್ಲ.

2018ರ ಬೇಸಿಗೆಯಲ್ಲಿ ನನ್ನ ಪತಿಗೆ ಬೆಂಗಳೂರಿನಿಂದ ಕ್ಯಾಲಿಫೋರ್ನಿಯಾಕ್ಕೆ ವರ್ಗವಾದಾಗ ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಆಗಸ್ಟ್ ತಿಂಗಳಲ್ಲಿ ಐದು ತುಂಬುವುದರಲ್ಲಿತ್ತು. ಬೆಂಗಳೂರಿನಲ್ಲಿ ಮಗಳ ಶಾಲೆ ನಮ್ಮ ಬನಶಂಕರಿಯ ಮನೆಯಿಂದ ಹನ್ನೊಂದು ಕಿಲೋಮೀಟರ್ ದೂರವಿತ್ತು. ಶುಲ್ಕ ಕಟ್ಟಿದರೆ ಸೀಟು, ವ್ಯಾನಿನ ಹಣ ಕಟ್ಟಿದರೆ ಪ್ರಯಾಣ. ಮನೆ ಎಲ್ಲಿದೆ ಎಂಬುದು ಶಾಲೆಗೆ ಬೇಕಿರಲಿಲ್ಲ, ಶಾಲೆ ಎಲ್ಲಿದೆ ಎಂಬುದು ಮನೆ ಮಾಲೀಕರಿಗೆ ಬೇಕಿರಲಿಲ್ಲ. ಆದ್ದರಿಂದ ಮೇ ತಿಂಗಳಲ್ಲಿ ಮನೆ ಹುಡುಕಲೆಂದು ಒಂದು ವಾರದ ಮಟ್ಟಿಗೆ ನಾನು ಅಲ್ಲಿಗೆ ಹೋದಾಗ, ಅಲ್ಲಿನ ಕನ್ನಡಿಗ ಕುಟುಂಬಗಳೆಲ್ಲ ನನ್ನನ್ನು ಮೊದಲು ಕೇಳಿದ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಎಷ್ಟು ಕೋಣೆಯ ಮನೆ ಬೇಕು, ಬಾಡಿಗೆ ಎಷ್ಟು ಕೊಡಬಲ್ಲಿರಿ ಎಂದು ಅವರು ಕೇಳಲಿಲ್ಲ. “ಯಾವ ಸ್ಕೂಲ್ ಡಿಸ್ಟ್ರಿಕ್ಟ್ ನೋಡ್ತಿದ್ದೀರಿ?” ಎಂದು ಕೇಳಿದರು.

ಶಿವಮೊಗ್ಗದಿಂದ ಅಮ್ಮ ಫೋನಿನಲ್ಲಿ, “ಅಲ್ಲ ಕಣೇ, ಮನೆ ಹತ್ತಿರದ ಶಾಲೆಗೆ ಸೇರಿಸೋದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳೋದು ಯಾಕೆ?” ಎಂದಾಗ, “ಅಮ್ಮ, ಇಲ್ಲಿ ಶಾಲೆ ನೋಡಿಕೊಂಡು ಅದರ ಹತ್ತಿರ ಮನೆ ಹುಡುಕಬೇಕಂತೆ” ಎಂದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಬಾಡಿಗೆ ಕಟ್ಟೋದು ಮನೆಗೋ, ಶಾಲೆಗೋ?” ಎಂದು ಕೇಳಿದರು. ಏಳು ವರ್ಷಗಳ ನಂತರವೂ ಈ ವಿಷಯದ ಬಗ್ಗೆ ನಾನು ಕೇಳಿದ ಅತ್ಯಂತ ಸರಿಯಾದ ಪ್ರಶ್ನೆ ಅದೇ ಎಂದು ನನಗೆ ಅನ್ನಿಸುತ್ತದೆ.

ನಮ್ಮ ಕರ್ನಾಟಕದಲ್ಲಿಯೂ ಶೈಕ್ಷಣಿಕ ಜಿಲ್ಲೆಗಳಿವೆ. ಮಧುಗಿರಿ, ಶಿರಸಿ, ಚಿಕ್ಕೋಡಿಗಳು ಕಂದಾಯ ಜಿಲ್ಲೆಗಳಲ್ಲದಿದ್ದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಪ್ರತ್ಯೇಕ ಜಿಲ್ಲೆಗಳು. ಆದರೆ ಅವು ಆಡಳಿತದ ಅನುಕೂಲಕ್ಕಾಗಿ ಎಳೆದ ಗೆರೆಗಳು. ಶಿಕ್ಷಕರ ಸಂಬಳವೂ ಪಠ್ಯಪುಸ್ತಕವೂ ಬೆಂಗಳೂರಿನಿಂದಲೇ ಬರುತ್ತವೆ. ಅಮೆರಿಕದ ಸ್ಕೂಲ್ ಡಿಸ್ಟ್ರಿಕ್ಟ್ ಬೇರೆಯೇ ವ್ಯವಸ್ಥೆ. ಅದಕ್ಕೆ ಸಾಮಾನ್ಯವಾಗಿ ಊರಿನವರೇ ಮತ ಹಾಕಿ ಆರಿಸಿದ ಮಂಡಳಿ ಇರುತ್ತದೆ, ಆ ಮಂಡಳಿ ನೇಮಿಸಿದ ಸೂಪರಿಂಟೆಂಡೆಂಟ್ ಎಂಬ ಮುಖ್ಯಾಧಿಕಾರಿ ಇರುತ್ತಾರೆ, ಸ್ಥಳೀಯ ಆಸ್ತಿ ತೆರಿಗೆಯಲ್ಲಿ ಪಾಲು ಇರುತ್ತದೆ, ಮತ್ತು ಗೆರೆಯ ಒಳಗೆ ವಾಸಿಸುವ ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುವ ಅಧಿಕಾರ ಇರುತ್ತದೆ. ಇಂತಹ ಡಿಸ್ಟ್ರಿಕ್ಟ್‌ಗಳು ಆ ದೇಶದಲ್ಲಿ ಸುಮಾರು 13,000 ಇವೆ. ಊರಿನ ಗಡಿಯೂ ಡಿಸ್ಟ್ರಿಕ್ಟಿನ ಗಡಿಯೂ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ನಾವು ಮನೆ ಹುಡುಕಿದ ಸನಿವೇಲ್ ನಗರವನ್ನೇ ನೋಡಿದರೆ, ಅದರ ಒಂದು ಭಾಗ ಸನಿವೇಲ್ ಡಿಸ್ಟ್ರಿಕ್ಟಿಗೆ, ಇನ್ನೊಂದು ಭಾಗ ಕೂಪರ್ಟಿನೊ ಯೂನಿಯನ್ ಡಿಸ್ಟ್ರಿಕ್ಟಿಗೆ, ಮತ್ತೊಂದು ಭಾಗ ಸಾಂಟಾ ಕ್ಲಾರಾ ಯೂನಿಫೈಡ್ ಡಿಸ್ಟ್ರಿಕ್ಟಿಗೆ ಸೇರಿದೆ. ಇವುಗಳಲ್ಲಿ ಮೊದಲಿನ ಎರಡು ಎಂಟನೆಯ ತರಗತಿಗೆ ಮುಗಿಯುತ್ತವೆ. ಹೈಸ್ಕೂಲಿಗೆ ಫ್ರೀಮಾಂಟ್ ಯೂನಿಯನ್ ಎಂಬ ಬೇರೆಯೇ ಡಿಸ್ಟ್ರಿಕ್ಟ್ ಇದೆ. ಆ ಹೆಸರನ್ನು ಕೇಳಿ ಫ್ರೀಮಾಂಟ್ ನಗರದಲ್ಲಿ ಮನೆ ಹುಡುಕಲು ಹೊರಟವರೂ ಇದ್ದಾರೆ. ಆ ನಗರ ಇರುವುದು ಪಕ್ಕದ ಕೌಂಟಿಯಲ್ಲಿ, ಅದರ ಶಾಲೆಗಳನ್ನು ನಡೆಸುವ ಡಿಸ್ಟ್ರಿಕ್ಟ್ ಫ್ರೀಮಾಂಟ್ ಯೂನಿಫೈಡ್. ಅಂಚೆ ವಿಳಾಸವನ್ನು ನೋಡಿ ಶಾಲೆಯನ್ನು ಊಹಿಸುವಂತಿಲ್ಲ. ಮನೆಯ ಸಂಖ್ಯೆ, ರಸ್ತೆಯ ಹೆಸರನ್ನು ಹಾಕಿ ಡಿಸ್ಟ್ರಿಕ್ಟಿನವರ ಬಳಿಯೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ನಮ್ಮ ಮುಂದೆ ಕೊನೆಗೆ ಉಳಿದದ್ದು ಎರಡು ಮನೆಗಳು. ಎರಡರ ನಡುವೆ ಇದ್ದುದು ಒಂದು ಅಗಲವಾದ ರಸ್ತೆ ಮತ್ತು ಹತ್ತು ನಿಮಿಷದ ನಡಿಗೆ. ಆಚೆ ಬದಿಯ ಮನೆ ಹೆಸರುವಾಸಿಯಾದ ಕೂಪರ್ಟಿನೊ ಯೂನಿಯನ್ ಡಿಸ್ಟ್ರಿಕ್ಟಿನಲ್ಲಿತ್ತು. ಎರಡು ಸಣ್ಣ ಕೋಣೆ, ಹಳೆಯ ಒಲೆ, ಬಾಡಿಗೆ ತಿಂಗಳಿಗೆ 600 ಡಾಲರ್ ಹೆಚ್ಚು. ಸನಿವೇಲ್ ಡಿಸ್ಟ್ರಿಕ್ಟಿಗೆ ಸೇರಿದ ಈಚೆ ಬದಿಯ ಮನೆಗೆ ಮೂರು ಕೋಣೆಗಳಿದ್ದವು, ಹಿಂದೆ ಒಂದು ನಿಂಬೆ ಗಿಡವಿತ್ತು. ಮನೆ ತೋರಿಸುವ ಜಾಲತಾಣದಲ್ಲಿ ಒಂದರ ಕೆಳಗೆ ಹಸಿರು ಬಣ್ಣದ 9, ಇನ್ನೊಂದರ ಕೆಳಗೆ ಹಳದಿ ಬಣ್ಣದ 5 ಕಾಣುತ್ತಿದ್ದವು. ಒಂಬತ್ತನ್ನೂ ಐದನ್ನೂ ನೋಡಿದ ತಾಯಿಗೆ ಮನೆಯ ಒಲೆಯೂ ನಿಂಬೆ ಗಿಡವೂ ಕಣ್ಣಿಗೆ ಬೀಳುವುದಿಲ್ಲ. ಒಂಬತ್ತನ್ನು ಬಿಟ್ಟು ಐದನ್ನು ಆರಿಸಿಕೊಂಡರೆ ಮಕ್ಕಳಿಗೆ ಅನ್ಯಾಯ ಮಾಡಿದಂತೆ ಎಂಬ ಭಾವನೆಯಿಂದ ಎರಡು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಅಂಕಿಗಳು ಗ್ರೇಟ್‌ಸ್ಕೂಲ್ಸ್ ಎಂಬ ಲಾಭರಹಿತ ಸಂಸ್ಥೆಯವು. 1998ರಲ್ಲಿ ಶುರುವಾದ ಈ ಸಂಸ್ಥೆ ಶಾಲೆಗಳಿಗೆ 1ರಿಂದ 10ರವರೆಗೆ ಅಂಕ ಕೊಡುತ್ತದೆ, ಮನೆ ಮಾರಾಟದ ದೊಡ್ಡ ಜಾಲತಾಣಗಳು ಆ ಅಂಕಗಳನ್ನು ಪ್ರತಿ ಮನೆಯ ಚಿತ್ರದ ಜೊತೆ ತೋರಿಸುತ್ತವೆ. ಅಂಕ ಮುಖ್ಯವಾಗಿ ರಾಜ್ಯದ ಪರೀಕ್ಷೆಗಳಲ್ಲಿ ಮಕ್ಕಳು ಎಷ್ಟು ಗಳಿಸಿದರು ಎಂಬುದನ್ನು ಆಧರಿಸಿತ್ತು. ಮಕ್ಕಳು ಎಷ್ಟು ಗಳಿಸುತ್ತಾರೆ ಎಂಬುದು ಬಹುಪಾಲು ಅವರ ಮನೆಯಲ್ಲಿ ಎಷ್ಟು ಹಣ, ಎಷ್ಟು ಓದು, ಎಷ್ಟು ಬಿಡುವು ಇದೆ ಎಂಬುದರ ಮೇಲೆ ನಿಂತಿದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಮಾಜಶಾಸ್ತ್ರಜ್ಞ ಶಾನ್ ರಿಯರ್ಡನ್ ಇಡೀ ದೇಶದ ಡಿಸ್ಟ್ರಿಕ್ಟ್‌ಗಳ ಪರೀಕ್ಷಾ ಫಲಿತಾಂಶಗಳನ್ನು ಒಂದೆಡೆ ಸೇರಿಸಿ ನೋಡಿದಾಗ, ಸರಾಸರಿ ಅಂಕವೂ ಕುಟುಂಬಗಳ ಆದಾಯವೂ ಬಹಳ ಮಟ್ಟಿಗೆ ಜೊತೆಯಾಗಿ ಏರುತ್ತವೆ, ಆದರೆ ಮಗು ವರ್ಷದಿಂದ ವರ್ಷಕ್ಕೆ ಎಷ್ಟು ಮುಂದೆ ಹೋಯಿತು ಎಂಬ ಪ್ರಗತಿಗೂ ಆದಾಯಕ್ಕೂ ಅಂತಹ ಬಿಗಿಯಾದ ನಂಟಿಲ್ಲ ಎಂಬುದು ಕಂಡುಬಂತು. 2017ರಲ್ಲಿ ಅವರು ಪ್ರಕಟಿಸಿದ ಅಧ್ಯಯನದ ಪ್ರಕಾರ, ಬಡ ಮಕ್ಕಳೇ ಹೆಚ್ಚಾಗಿರುವ ಶಿಕಾಗೊ ನಗರದ ಸರ್ಕಾರಿ ಶಾಲೆಗಳಲ್ಲಿ ಮಕ್ಕಳು ಮೂರನೆಯ ತರಗತಿಯಿಂದ ಎಂಟನೆಯ ತರಗತಿಯವರೆಗಿನ ಐದು ವರ್ಷಗಳಲ್ಲಿ ಸುಮಾರು ಆರು ವರ್ಷಗಳಷ್ಟು ಕಲಿಕೆಯನ್ನು ಸಾಧಿಸಿದ್ದರು. ಸರಾಸರಿಯನ್ನು ಮಾತ್ರ ನೋಡುವವರಿಗೆ ಆ ಶಾಲೆಗಳಲ್ಲಿ ನಡೆಯುತ್ತಿರುವ ಕೆಲಸ ಕಾಣುವುದೇ ಇಲ್ಲ. ಗ್ರೇಟ್‌ಸ್ಕೂಲ್ಸ್ ಸಂಸ್ಥೆಯೂ 2020ರಲ್ಲಿ ತನ್ನ ಲೆಕ್ಕಾಚಾರವನ್ನು ಬದಲಿಸಿ ಪ್ರಗತಿಗೆ ಹೆಚ್ಚು ತೂಕ ಕೊಟ್ಟಿತು. ಅದು ಒಳ್ಳೆಯ ಕೆಲಸ. ನಾನು ಮನೆ ಹುಡುಕುವಾಗ ಅದಿನ್ನೂ ಆಗಿರಲಿಲ್ಲ.

ಅಮ್ಮ ಕೇಳಿದ ಪ್ರಶ್ನೆಗೆ ಅರ್ಥಶಾಸ್ತ್ರಜ್ಞರು ಎಂದೋ ಉತ್ತರ ಹುಡುಕಿದ್ದರು ಎಂಬುದು ಆಮೇಲೆ ತಿಳಿಯಿತು. 1999ರಲ್ಲಿ ಸಾಂಡ್ರಾ ಬ್ಲ್ಯಾಕ್ ಎಂಬುವರು ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಶಾಲೆಯ ಗಡಿಗೆರೆಯ ಎರಡೂ ಬದಿಗಳಲ್ಲಿರುವ ಮನೆಗಳ ಬೆಲೆಯನ್ನು ಹೋಲಿಸಿ ನೋಡಿ, ಪರೀಕ್ಷೆಯ ಅಂಕ ಶೇ. 5ರಷ್ಟು ಹೆಚ್ಚಿರುವ ಶಾಲೆಯ ಬದಿಗೆ ಪಾಲಕರು ಸುಮಾರು ಶೇ. 2.5ರಷ್ಟು ಹೆಚ್ಚು ಹಣ ಕೊಡುತ್ತಾರೆ ಎಂದು ತೋರಿಸಿದರು. ಅದೇ ಬೀದಿ, ಅದೇ ಮರಗಳು, ಅದೇ ಉದ್ಯಾನ, ಗೆರೆಯೊಂದೇ ಬೇರೆ. ಬಾಡಿಗೆಯ ಒಂದು ಪಾಲನ್ನು ನಾವು ನಿಜವಾಗಿಯೂ ಶಾಲೆಗೇ ಕಟ್ಟುತ್ತೇವೆ, ಆದರೆ ಆ ಹಣ ಶಾಲೆಗೆ ತಲುಪುವುದಿಲ್ಲ, ಮನೆ ಮಾಲೀಕರಿಗೆ ತಲುಪುತ್ತದೆ.

ಹಾಗಾದರೆ ಹೆಸರುವಾಸಿ ಡಿಸ್ಟ್ರಿಕ್ಟಿನ ಶಾಲೆಗಳಲ್ಲಿ ಹೆಚ್ಚು ಹಣವಿರುತ್ತದೆ ಎಂದು ನಾನು ಭಾವಿಸಿದ್ದೆ. ಅದೂ ಪೂರ್ತಿ ನಿಜವಾಗಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1978ರ ಪ್ರೊಪೊಸಿಷನ್ 13 ಎಂಬ ಜನಮತದಿಂದ ಆಸ್ತಿ ತೆರಿಗೆಗೆ ಮೂಲದರ ಶೇ. 1 ಎಂದು ಮಿತಿ ಬಿತ್ತು, ಮನೆ ಕೈಬದಲಾಗುವವರೆಗೆ ಅದರ ತೆರಿಗೆಯ ಮೌಲ್ಯ ವರ್ಷಕ್ಕೆ ಶೇ. 2ಕ್ಕಿಂತ ಹೆಚ್ಚು ಏರುವಂತಿಲ್ಲ ಎಂದಾಯಿತು. ಶಾಲೆಗಳು ರಾಜ್ಯದ ಹಣವನ್ನು ಹೆಚ್ಚಾಗಿ ಅವಲಂಬಿಸಬೇಕಾಯಿತು. 2013ರಲ್ಲಿ ಬಂದ ಹೊಸ ಸೂತ್ರದಂತೆ ಬಡ ಮಕ್ಕಳು, ಸಾಕುಮನೆಗಳಲ್ಲಿ ಬೆಳೆಯುವ ಮಕ್ಕಳು ಮತ್ತು ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳಿಗಾಗಿ ರಾಜ್ಯ ಶೇ. 20ರಷ್ಟು ಹೆಚ್ಚುವರಿ ಹಣವನ್ನು ಲೆಕ್ಕ ಹಾಕುತ್ತದೆ. ಸ್ಥಳೀಯ ಆಸ್ತಿ ತೆರಿಗೆಯೇ ಈ ಸೂತ್ರದ ಮೊತ್ತವನ್ನು ಮೀರಿದ ಡಿಸ್ಟ್ರಿಕ್ಟ್‌ಗಳು ಮಿಕ್ಕ ಹಣವನ್ನು ತಾವೇ ಇಟ್ಟುಕೊಳ್ಳಬಹುದು. ಕೂಪರ್ಟಿನೊ ಯೂನಿಯನ್ ಡಿಸ್ಟ್ರಿಕ್ಟಿಗೆ ಈ ಎರಡೂ ದಾರಿಗಳಿಂದ ಹೆಚ್ಚಿನ ಹಣ ಬರುತ್ತಿರಲಿಲ್ಲ, ಪ್ರತಿ ಮಗುವಿಗೆ ಸಿಗುವ ಮೊತ್ತ ಸನಿವೇಲ್ ಡಿಸ್ಟ್ರಿಕ್ಟಿಗಿಂತ ಕಡಿಮೆಯೇ ಇತ್ತು. ಆ ಕೊರತೆಯನ್ನು ತುಂಬಲು ಪಾಲಕರು ದೇಣಿಗೆ ಕೊಡುತ್ತಿದ್ದರು. ಮನೆಗಳ ಬೆಲೆ ಏರಿ ಎಳೆಯ ಮಕ್ಕಳಿರುವ ಕುಟುಂಬಗಳು ಅಲ್ಲಿಗೆ ಬರುವುದೇ ಕಷ್ಟವಾಗಿ, ಮಕ್ಕಳ ಸಂಖ್ಯೆ ಇಳಿದು, 2022ರಲ್ಲಿ ಆ ಡಿಸ್ಟ್ರಿಕ್ಟ್ ತನ್ನ ಕೆಲವು ಪ್ರಾಥಮಿಕ ಶಾಲೆಗಳನ್ನೇ ಮುಚ್ಚಬೇಕಾಯಿತು.

ಗೆರೆಯ ಬಗ್ಗೆ ಓದುತ್ತಾ ಹೋದಂತೆ ನನ್ನ ಆತಂಕಕ್ಕಿಂತ ದೊಡ್ಡದಾದ ದುಃಖಗಳು ಎದುರಾದವು. 1973ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ಬಡ ಡಿಸ್ಟ್ರಿಕ್ಟಿನ ಪಾಲಕರು ತಮ್ಮ ಮಕ್ಕಳಿಗೂ ಪಕ್ಕದ ಶ್ರೀಮಂತ ಡಿಸ್ಟ್ರಿಕ್ಟಿನಷ್ಟು ಹಣ ಬೇಕೆಂದು ಸುಪ್ರೀಂ ಕೋರ್ಟಿನವರೆಗೆ ಹೋದಾಗ, ಶಿಕ್ಷಣವು ದೇಶದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದು 5–4ರ ಬಹುಮತದಲ್ಲಿ ತೀರ್ಪು ಬಂತು. ಮರುವರ್ಷ, 1974ರಲ್ಲಿ, ಡೆಟ್ರಾಯಿಟ್ ನಗರದ ಪ್ರಕರಣದಲ್ಲಿ ಅದೇ 5–4ರ ಬಹುಮತ, ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಒಟ್ಟಿಗೆ ಓದಿಸುವ ಯೋಜನೆಯನ್ನು ತಪ್ಪೆಸಗದ ಉಪನಗರಗಳ ಡಿಸ್ಟ್ರಿಕ್ಟ್‌ಗಳ ಮೇಲೆ ಹೇರುವಂತಿಲ್ಲ ಎಂದಿತು. 2011ರಲ್ಲಿ ಒಹಾಯೊ ರಾಜ್ಯದ ಆಕ್ರನ್‌ನಲ್ಲಿ ಒಬ್ಬ ಕಪ್ಪು ತಾಯಿ ತನ್ನ ತಂದೆಯ ಮನೆಯ ವಿಳಾಸವನ್ನು ಕೊಟ್ಟು ಇಬ್ಬರು ಹೆಣ್ಣುಮಕ್ಕಳನ್ನು ಪಕ್ಕದ ಡಿಸ್ಟ್ರಿಕ್ಟಿನ ಶಾಲೆಗೆ ಕಳಿಸಿದ್ದಕ್ಕಾಗಿ ಒಂಬತ್ತು ದಿನ ಜೈಲಿನಲ್ಲಿದ್ದರು. ಕೊನೆಗೆ ರಾಜ್ಯಪಾಲರೇ ಆಕೆಯ ಅಪರಾಧದ ಶ್ರೇಣಿಯನ್ನು ತಗ್ಗಿಸಿದರು. ಬಾಡಿಗೆ ಕರಾರು, ಕರೆಂಟ್ ಬಿಲ್ಲುಗಳನ್ನು ಫೈಲಿನಲ್ಲಿ ಜೋಡಿಸಿಕೊಂಡು ನೋಂದಣಿಗೆ ಹೋಗುವಾಗ ಆ ತಾಯಿಯ ನೆನಪು ನನ್ನನ್ನು ಬಿಡಲಿಲ್ಲ. 600 ಡಾಲರ್ ಹೆಚ್ಚು ಕೊಟ್ಟರೆ ನನಗೆ ಗೆರೆ ದಾಟಲು ಸಾಧ್ಯವಿತ್ತು. ಆಕೆಗೆ ಇರಲಿಲ್ಲ.

ನ್ಯೂಜೆರ್ಸಿಯಲ್ಲಿರುವ ನನ್ನ ದೊಡ್ಡಮ್ಮನ ಮಗಳು ಇದೇ ಗೆರೆಯ ಒಳಗಿನ ಕಥೆಯನ್ನು ಹೇಳಿದಳು. ಭಾರತೀಯ, ಚೀನೀ ಕುಟುಂಬಗಳು ಹೆಚ್ಚಾಗಿರುವ ವೆಸ್ಟ್ ವಿಂಡ್ಸರ್–ಪ್ಲೇನ್ಸ್‌ಬರೊ ಡಿಸ್ಟ್ರಿಕ್ಟಿನ ಸೂಪರಿಂಟೆಂಡೆಂಟ್ 2015ರಲ್ಲಿ ಪಾಲಕರಿಗೆ 16 ಪುಟಗಳ ಪತ್ರ ಬರೆದು, ಹಿಂದಿನ ಒಂದೇ ವರ್ಷದಲ್ಲಿ 120 ಮಕ್ಕಳನ್ನು ಮಾನಸಿಕ ಆರೋಗ್ಯದ ತಪಾಸಣೆಗೆ ಕಳಿಸಬೇಕಾಯಿತು, 40 ಮಕ್ಕಳು ಆಸ್ಪತ್ರೆ ಸೇರಿದರು ಎಂದು ತಿಳಿಸಿದ್ದರು. ಮನೆಪಾಠವಿಲ್ಲದ ರಾತ್ರಿಗಳನ್ನು ಗೊತ್ತುಮಾಡಿ, ಹೈಸ್ಕೂಲಿನ ಮಧ್ಯಾವಧಿ ಮತ್ತು ಅಂತಿಮ ಪರೀಕ್ಷೆಗಳನ್ನು ಅವರು ಕೈಬಿಟ್ಟಾಗ ಪಾಲಕರು ಎರಡು ಬಣಗಳಾದರು. ಮಕ್ಕಳ ಓದನ್ನು ಹಗುರ ಮಾಡುತ್ತಿದ್ದಾರೆ ಎಂದು ಸಿಟ್ಟಾದವರಲ್ಲಿ ನಮ್ಮವರೂ ಬಹಳ ಮಂದಿ ಇದ್ದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಒಂದೊಂದು ಅಂಕಕ್ಕೂ ಸೀಟು ತಪ್ಪುವುದನ್ನು ಕಂಡು ಬೆಳೆದವರು ನಾವು. ಆದರೂ 40 ಎಂಬ ಸಂಖ್ಯೆಯನ್ನು ಓದಿದ ಮೇಲೆ ಯಾವ ವಾದವೂ ನನ್ನ ತಲೆಗೆ ಹತ್ತಲಿಲ್ಲ.

ವಾರ ಮುಗಿಯುವ ಮೊದಲು ಎರಡೂ ಬದಿಯ ಶಾಲೆಗಳಿಗೆ ಮುಂಚಿತವಾಗಿ ಹೇಳಿ ಹೋಗಿಬಂದೆ. ಆಚೆ ಬದಿಯ ಶಾಲೆ ಅಚ್ಚುಕಟ್ಟಾಗಿತ್ತು, ಕಚೇರಿಯವರು ಸೌಜನ್ಯದಿಂದ ಮಾತನಾಡಿದರು, ತರಗತಿ ತುಂಬಿದ್ದರೆ ಅದೇ ಡಿಸ್ಟ್ರಿಕ್ಟಿನ ಬೇರೆ ಶಾಲೆಗೆ ಕಳಿಸಬೇಕಾಗಬಹುದು ಎಂದೂ ಪ್ರಾಮಾಣಿಕವಾಗಿ ತಿಳಿಸಿದರು. ಗೆರೆಯ ಒಳಗೆ ಮನೆ ಮಾಡಿದರೂ ಮನೆಯ ಎದುರಿನ ಶಾಲೆಯೇ ಸಿಗುವ ಖಾತ್ರಿ ಇಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ಈಚೆ ಬದಿಯ ಶಾಲೆಯಲ್ಲಿ ಕಿಂಡರ್‌ಗಾರ್ಟನ್ ಕೋಣೆಯ ಬಾಗಿಲಲ್ಲಿ ನಿಲ್ಲಲು ಬಿಟ್ಟರು. ಅರ್ಧಚಂದ್ರದ ಆಕಾರದ ಮೇಜಿನ ಸುತ್ತ ನಾಲ್ಕು ಮಕ್ಕಳು ಕುಳಿತಿದ್ದರು, ಶಿಕ್ಷಕಿಯ ಬುಟ್ಟಿಯಲ್ಲಿ ಚಮಚ, ಬಾಚಣಿಗೆ, ಸಾಬೂನು, ಗುಂಡಿಗಳಿದ್ದವು. ಒಂದೊಂದನ್ನೇ ಎತ್ತಿ ತೋರಿಸಿ, ನಿಮ್ಮ ಮನೆಯಲ್ಲಿ ಇದಕ್ಕೆ ಏನೆನ್ನುತ್ತಾರೆ ಎಂದು ಕೇಳಿ, ಮಗು ತನ್ನ ಭಾಷೆಯಲ್ಲಿ ಹೇಳಿದ ಮೇಲೆ ಅದನ್ನು ತಾನೂ ಒಮ್ಮೆ ಉಚ್ಚರಿಸಿ, ಆಮೇಲೆ ಇಂಗ್ಲಿಷ್ ಪದವನ್ನು ಹೇಳಿಕೊಡುತ್ತಿದ್ದರು. ಒಬ್ಬ ಹುಡುಗ ಬಾಯಿ ಬಿಡಲಿಲ್ಲ. ಆಕೆ ಬಾಚಣಿಗೆಯನ್ನು ಅವನ ಕೈಗೆ ಕೊಟ್ಟು ಕಾದರು. ನಾನು ನೋಡುತ್ತಿದ್ದಷ್ಟು ಹೊತ್ತೂ ಅವನು ಮಾತನಾಡಲಿಲ್ಲ, ಆಕೆಯೂ ಅವಸರ ಮಾಡಲಿಲ್ಲ. ಆ ಸಂಜೆ ನಾವು ಈಚೆ ಬದಿಯ ಮನೆಗೆ ಮುಂಗಡ ಕಟ್ಟಿದೆವು.

ಜುಲೈನಲ್ಲಿ ಮಕ್ಕಳೊಂದಿಗೆ ಬಂದು ನೋಂದಣಿಗೆ ಕುಳಿತಾಗ ಜನನ ಪ್ರಮಾಣಪತ್ರ, ಲಸಿಕೆಯ ಚೀಟಿಗಳ ಜೊತೆ ಮನೆಭಾಷೆಯ ಅರ್ಜಿಯೊಂದನ್ನು ಕೊಟ್ಟರು. ಮಗು ಮೊದಲು ಮಾತು ಕಲಿತದ್ದು ಯಾವ ಭಾಷೆಯಲ್ಲಿ, ಮನೆಯಲ್ಲಿ ಅದು ಹೆಚ್ಚಾಗಿ ಯಾವ ಭಾಷೆ ಮಾತನಾಡುತ್ತದೆ, ನೀವು ಅದರೊಂದಿಗೆ ಯಾವ ಭಾಷೆಯಲ್ಲಿ ಮಾತನಾಡುತ್ತೀರಿ, ಮನೆಯ ಹಿರಿಯರು ತಮ್ಮಲ್ಲಿ ಯಾವ ಭಾಷೆ ಬಳಸುತ್ತಾರೆ ಎಂಬ ನಾಲ್ಕು ಪ್ರಶ್ನೆಗಳು. ಇಂಗ್ಲಿಷ್ ಎಂದೇ ಬರೆಯಿರಿ, ಇಲ್ಲದಿದ್ದರೆ ಪರೀಕ್ಷೆ ಕೊಟ್ಟು ಮಗುವನ್ನು ಬೇರೆ ಗುಂಪಿಗೆ ಹಾಕುತ್ತಾರೆ ಎಂದು ಇಬ್ಬರು ಮೂವರು ಹಿತೈಷಿಗಳು ಮೊದಲೇ ಎಚ್ಚರಿಸಿದ್ದರು. ಪೆನ್ನು ಹಿಡಿದು ಕುಳಿತಾಗ ಪಕ್ಕದಲ್ಲಿ ಮಗ, “ಅಮ್ಮಾ, ಇಲ್ಲಿ ನೀರು ಎಲ್ಲಿದೆ?” ಎಂದು ಕನ್ನಡದಲ್ಲಿ ಕೇಳುತ್ತಿದ್ದ. ನಾಲ್ಕು ಸಾಲಿನಲ್ಲಿಯೂ ಕನ್ನಡ ಎಂದು ಬರೆದೆ.

ಮಗಳು ಪರೀಕ್ಷೆಯಲ್ಲಿ ಸಲೀಸಾಗಿ ಉತ್ತೀರ್ಣಳಾದಳು. ಮಗ ಇಂಗ್ಲಿಷ್ ಕಲಿಯುತ್ತಿರುವವರ ಪಟ್ಟಿಗೆ ಸೇರಿದ, ದಿನವೂ ಅರ್ಧ ಗಂಟೆ ಆ ಅರ್ಧಚಂದ್ರದ ಮೇಜಿನಲ್ಲಿ ಕುಳಿತ. ಆ ವರ್ಷದ ಕೊನೆಯಲ್ಲಿ ಶಾಲೆಯ ವರದಿಯನ್ನು ಓದುತ್ತಿದ್ದಾಗ ನನಗೆ ಒಂದು ವಿಷಯ ಥಟ್ಟನೆ ಹೊಳೆಯಿತು. ಶಾಲೆಯ ಸರಾಸರಿ ಅಂಕ ಕಡಿಮೆಯಾಗಲು ಇದ್ದ ಕಾರಣಗಳಲ್ಲಿ ಒಂದು, ಬೇರೆ ಭಾಷೆಯ ಮನೆಗಳಿಂದ ಬಂದು ಇನ್ನೂ ಇಂಗ್ಲಿಷ್ ಕಲಿಯುತ್ತಲೇ ಪರೀಕ್ಷೆ ಬರೆಯುವ ಮಕ್ಕಳು. ನನ್ನ ಮಗನೂ ಅಂತಹ ಮನೆಯಿಂದ ಬಂದವನೇ. ಎರಡು ರಾತ್ರಿ ನನ್ನ ನಿದ್ದೆ ಕೆಡಿಸಿದ ಆ ಹಳದಿ ಐದರಲ್ಲಿ ಇದ್ದವರು ಅವನಂಥ ಮಕ್ಕಳೇ. ಅವರಿಂದ ದೂರ ಇರಬೇಕೆಂದು ನಾನು ತಿಂಗಳಿಗೆ 600 ಡಾಲರ್ ಹೆಚ್ಚು ಕೊಡಲು ಹೊರಟಿದ್ದೆ. ಹಾಗೆ ಕೊಟ್ಟು ಗೆರೆ ದಾಟಿದ್ದರೆ, ಅಲ್ಲಿ ಇನ್ನೊಬ್ಬ ತಾಯಿ ನನ್ನ ಮಗನಿಂದ ದೂರ ಇರಲು ಇನ್ನಷ್ಟು ಕೊಡುತ್ತಿದ್ದಳೇನೋ. ಎರಡನೆಯ ತರಗತಿ ಮುಗಿಯುವ ಹೊತ್ತಿಗೆ ಅವನು ಆ ಪಟ್ಟಿಯಿಂದ ಹೊರಬಂದ. ಅವನ ಕನ್ನಡ ಹಾಗೆಯೇ ಉಳಿದಿದೆ.

ಮಗಳ ವಿಷಯದಲ್ಲಿ ನಾನು ಇಷ್ಟು ನೆಮ್ಮದಿಯಿಂದ ಬರೆಯಲಾರೆ. ಮೇ ತಿಂಗಳ ಆ ವಾರದಲ್ಲಿ ನಾನು ನೋಡಿದ್ದೆಲ್ಲ ಐದು ವರ್ಷದ ಮಗುವಿನ ಕಣ್ಣಿನಿಂದ. ಆರನೆಯ ತರಗತಿಗೆ ಸೇರುವವರಿಗೆ ಗಣಿತದ ಮೇಲಿನ ಹಂತಕ್ಕೆ ಅರ್ಹತಾ ಪರೀಕ್ಷೆ ಇದೆಯೇ, ಇದ್ದರೆ ಯಾವಾಗ ಎಂದು ನಾನು ಕೇಳಲಿಲ್ಲ. ಅದು ಮೇ ತಿಂಗಳಲ್ಲಿಯೇ ಮುಗಿದುಹೋಗಿತ್ತು. ಬೆಂಗಳೂರಿನಲ್ಲಿ ಕಲಿತುಬಂದ ಭಿನ್ನರಾಶಿ, ಅನುಪಾತಗಳನ್ನೇ ಅವಳು ಮತ್ತೊಂದು ವರ್ಷ ಕುಳಿತು ಕೇಳಿದಳು. ಮರುಪರೀಕ್ಷೆಗಾಗಿ ನಾನು ಬರೆದ ಪತ್ರಗಳಿಗೆ ಮುಂದಿನ ವರ್ಷ ನೋಡೋಣ ಎಂಬ ಉತ್ತರ ಬಂತು. ಆ ಚಳಿಗಾಲದ ಒಂದು ಸಂಜೆ ಪಾತ್ರೆ ಒರೆಸುತ್ತಾ ಅವಳು, “ಅಮ್ಮ, ನೀನು ಅವನಿಗೆ ಶಾಲೆ ಹುಡುಕಿದೆ. ನಾನು ಅವನ ಜೊತೆ ಬಂದೆ ಅಷ್ಟೇ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದು ನನ್ನನ್ನು ಇನ್ನೂ ಹೆಚ್ಚು ನೋಯಿಸಿತು. ಹನ್ನೊಂದು ವರ್ಷದ ಹುಡುಗಿ ಗೆಳತಿಯರನ್ನೂ ಅಜ್ಜಿಯನ್ನೂ ಬಿಟ್ಟು ಬಂದಿದ್ದಳು, ಯಾವ ಶಾಲೆ ಎಂದು ಒಮ್ಮೆಯಾದರೂ ಅವಳ ಜೊತೆ ಕುಳಿತು ಮಾತನಾಡಬಹುದಿತ್ತು. ಒಂಬತ್ತನೆಯ ತರಗತಿಗೆ ರಸ್ತೆಯ ಎರಡೂ ಬದಿಯ ಮಕ್ಕಳು ಅದೇ ಹೈಸ್ಕೂಲ್ ಡಿಸ್ಟ್ರಿಕ್ಟಿಗೆ ಬಂದು ಸೇರಿದರು. ಬೇಸಿಗೆ ರಜೆಯಲ್ಲಿ ಒಂದು ಹೆಚ್ಚುವರಿ ಕೋರ್ಸ್ ಮಾಡಿ ಅವಳು ಗಣಿತದಲ್ಲಿ ಅವರ ಸಮಕ್ಕೆ ನಿಂತಳು. ಆ ಬೇಸಿಗೆಯಲ್ಲಿ ಅವಳು ಶಿವಮೊಗ್ಗಕ್ಕೆ ಹೋಗಬೇಕಿತ್ತು.

ಹೋದ ತಿಂಗಳು ಹುಬ್ಬಳ್ಳಿಯ ಒಂದು ಕುಟುಂಬ ಇದೇ ಊರಿಗೆ ಬರುವ ತಯಾರಿಯಲ್ಲಿ ನನಗೆ ಫೋನ್ ಮಾಡಿತು. ಆ ಮನೆಯ ತಾಯಿಯ ಬಳಿ ಹನ್ನೆರಡು ಶಾಲೆಗಳ ಪಟ್ಟಿಯಿತ್ತು, ಪ್ರತಿಯೊಂದರ ಮುಂದೆ ಒಂದು ಅಂಕಿ. ವಿಳಾಸವನ್ನು ಡಿಸ್ಟ್ರಿಕ್ಟಿನವರಿಂದಲೇ ಖಚಿತಪಡಿಸಿಕೊಳ್ಳಿ, ತರಗತಿಯಲ್ಲಿ ಜಾಗವಿದೆಯೇ ಎಂದು ಕರಾರಿಗೆ ಸಹಿ ಹಾಕುವ ಮೊದಲು ಕೇಳಿ, ಗಣಿತದ ಅರ್ಹತಾ ಪರೀಕ್ಷೆಯ ದಿನಾಂಕವನ್ನು ಈಗಲೇ ಬರೆದುಕೊಳ್ಳಿ, ಸರಾಸರಿಯ ಜೊತೆ ಮಕ್ಕಳ ಪ್ರಗತಿಯ ಅಂಕಿಯನ್ನೂ ನೋಡಿ ಎಂದೆಲ್ಲ ಒಂದು ಗಂಟೆ ಹೇಳಿದೆ. ಕಾಲೇಜಿನಿಂದ ರಜೆಗೆ ಬಂದಿದ್ದ ಮಗಳು ಅಡುಗೆಮನೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಅವರ ಹಿರಿಯ ಮಗುವಿಗೆ ಎಷ್ಟು ವರ್ಷ ಎಂದು ಸನ್ನೆಯಲ್ಲಿ ಕೇಳಿದಳು. ಹನ್ನೆರಡು ಎಂದೆ. ಅವಳು ನನ್ನ ಕೈಯಿಂದ ಫೋನ್ ತೆಗೆದುಕೊಂಡು, “ಆಂಟಿ, ನಿಮ್ಮ ಮಗಳಿಗೆ ಒಂದು ನಿಮಿಷ ಫೋನ್ ಕೊಡ್ತೀರಾ?” ಎಂದು ಕೇಳಿ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮುಕ್ಕಾಲು ಗಂಟೆಯ ನಂತರ ಹೊರಬಂದಳು. ಏನು ಮಾತನಾಡಿದರೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.